ಲ್ಯಾಬಿನಲ್ಲಿ 1.8 ಪಟ್ಟು ವೇಗ, ಕಾಲಂನಲ್ಲಿ ಏನೂ ವ್ಯತ್ಯಾಸ ಇಲ್ಲ: ಗ್ಲೂಕೋಸ್ ಐಸೊಮರೇಸ್ ಮ್ಯುಟೇಶನ್ ಬಗ್ಗೆ ಸಹಾಯ ಬೇಕು

ನೀಲಿ_ಪಿಪೆಟ್ | ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ಕೆಲಸ ಗ್ಲೂಕೋಸ್ ಐಸೊಮರೇಸ್ ಎಂಬ ಎಂಜೈಮ್ ಮೇಲೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಗ್ಲೂಕೋಸನ್ನು ಫ್ರಕ್ಟೋಸ್ ಮಾಡುತ್ತದೆ. ಮೆಕ್ಕೆಜೋಳದ ಪಿಷ್ಟದಿಂದ ಸಿಹಿ ಸಿರಪ್ ಮಾಡುವ ಫ್ಯಾಕ್ಟರಿಗಳಲ್ಲಿ ಟನ್‌ಗಟ್ಟಲೆ ಬಳಸುತ್ತಾರೆ.

ಮಣ್ಣಿನಿಂದ ತೆಗೆದ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಜೀನ್ (ಈ ಎಂಜೈಮ್‌ನದ್ದೇ) ನಮ್ಮ ಹತ್ತಿರ ಇತ್ತು. ಎಂಜೈಮ್‌ನ ಆಕ್ಟಿವ್ ಸೈಟ್ (ಸಕ್ಕರೆ ಬಂದು ಕೂತು ಬದಲಾಗುವ ಜಾಗ) ಸುತ್ತ ಒಂದೊಂದೇ ಅಮೈನೋ ಆಮ್ಲ ಬದಲಿಸಿ (ಇದೇ ಮ್ಯುಟೇಶನ್), ಸುಮಾರು ಎರಡು ವರ್ಷ ಸ್ಕ್ರೀನಿಂಗ್ ಮಾಡಿದೆ. ಕೊನೆಗೆ ಒಂದು ವೇರಿಯಂಟ್, ಅಂದರೆ ಬದಲಾದ ರೂಪ, ಸಿಕ್ಕಿತು. ನಮ್ಮ ಅಸ್ಸೇನಲ್ಲಿ (ವೇಗ ಅಳೆಯುವ ಲ್ಯಾಬ್ ಪರೀಕ್ಷೆ) ಮೂಲ ಎಂಜೈಮ್‌ಗಿಂತ 1.8 ಪಟ್ಟು ಜಾಸ್ತಿ ಫ್ರಕ್ಟೋಸ್ ಕೊಡುತ್ತದೆ. ಮೂರು ಸಲ ಬೇರೆ ಬೇರೆ ಬ್ಯಾಚ್‌ನಲ್ಲಿ ನೋಡಿದೆ. ಅದೇ ಉತ್ತರ.

ಖುಷಿಯಲ್ಲಿ ಒಂದು ಕಂಪನಿಗೆ ಕಳಿಸಿದೆವು. ಅವರು ಸಣ್ಣ ಕಾಲಂನಲ್ಲಿ (ಎಂಜೈಮ್ ತುಂಬಿ ಸಿರಪ್ ಹರಿಸುವ ಕೊಳವೆ) ಹಾಕಿ ನೋಡಿದರು. ಕಳೆದ ವಾರ ಉತ್ತರ ಬಂತು: ‘ಮೂಲಕ್ಕೂ ಇದಕ್ಕೂ ವ್ಯತ್ಯಾಸ ಕಾಣುತ್ತಿಲ್ಲ, ಮುಂದುವರಿಸುವುದಿಲ್ಲ.’ ಅಷ್ಟೇ. ಕಾರಣ ಹೇಳಲಿಲ್ಲ.

ಎರಡು ದಿನದಿಂದ ಊಟ ಸೇರುತ್ತಿಲ್ಲ. ನನ್ನ ಅಳತೆ ತಪ್ಪಾ? ಅಥವಾ ಅವರದ್ದಾ? ಯಾರಿಗಾದರೂ ಈ ಎಂಜೈಮ್ ಜೊತೆ ಅನುಭವ ಇದ್ದರೆ ದಯವಿಟ್ಟು ಹೇಳಿ.

ಕಡೆಗೋಲು | ಸೋಮವಾರ, ರಾತ್ರಿ 11:15

ಮೊದಲು ಊಟ ಮಾಡಮ್ಮ. ಎರಡು ವರ್ಷದ ಕೆಲಸ ಎಲ್ಲೂ ಹೋಗಿಲ್ಲ.

ನನ್ನದು ಬಯೋಕೆಮಿಸ್ಟ್ರಿ ಮೇಷ್ಟ್ರ ಕೆಲಸ. ಒಂದೇ ಪ್ರಶ್ನೆ ಕೇಳುತ್ತೇನೆ. ನಿನ್ನ ಅಸ್ಸೇನಲ್ಲಿ ಗ್ಲೂಕೋಸ್ ಎಷ್ಟು ಹಾಕುತ್ತೀಯ?

ನೀಲಿ_ಪಿಪೆಟ್ | ಸೋಮವಾರ, ರಾತ್ರಿ 11:22

20 ಮಿಲಿಮೋಲಾರ್ ಸರ್. ಸಿಸ್ಟೀನ್-ಕಾರ್ಬಝೋಲ್ ವಿಧಾನ, ನೇರಳೆ ಬಣ್ಣ ಓದುತ್ತೇವೆ. ಗ್ಲೂಕೋಸ್ ಜಾಸ್ತಿ ಹಾಕಿದರೆ ಅದರದ್ದೇ ಬಣ್ಣ ಹಿನ್ನೆಲೆಯಲ್ಲಿ ಬರುತ್ತದೆ. ಅದಕ್ಕೆ ಕಡಿಮೆ ಇಟ್ಟಿದ್ದೇವೆ. ನಮ್ಮ ಲ್ಯಾಬಿನಲ್ಲಿ ಮೊದಲಿಂದಲೂ ಹಾಗೇ.

ಸಿರಪ್_ಕಾಲಂ | ಮಂಗಳವಾರ, ಬೆಳಿಗ್ಗೆ 6:05

ಮೇಷ್ಟ್ರು ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದಾರೆ. ನಾನು ಪಿಷ್ಟದ ಫ್ಯಾಕ್ಟರಿಗಳಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಅದರಲ್ಲಿ ಹನ್ನೊಂದು ವರ್ಷ ವಿದೇಶದಲ್ಲಿ, ಐಸೊಮರೇಸ್ ಕಾಲಂಗಳ ಪಕ್ಕದಲ್ಲೇ. ಅಲ್ಲಿ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಆಮೇಲೆ ನಿಮಗೇ ಉತ್ತರ ಹೊಳೆಯುತ್ತದೆ.

ಪಿಷ್ಟವನ್ನು ನೀರಲ್ಲಿ ಕಲಸಿ, ಪಿಷ್ಟ ತುಂಡರಿಸುವ ಆಲ್ಫಾ ಅಮೈಲೇಸ್ ಎಂಜೈಮ್ ಹಾಕಿ, 105 ಡಿಗ್ರಿ ಹತ್ತಿರ ಕುದಿಸುತ್ತೇವೆ. ಗಂಜಿ ತೆಳ್ಳಗಾಗುತ್ತದೆ. ಆಮೇಲೆ 60 ಡಿಗ್ರಿಗೆ ಇಳಿಸಿ, ಪಿಎಚ್ ನಾಲ್ಕೂವರೆ ಆಸುಪಾಸು ಮಾಡಿ, ಆ ತುಂಡುಗಳನ್ನು ಗ್ಲೂಕೋಸ್ ಮಾಡುವ ಗ್ಲೂಕೋಅಮೈಲೇಸ್ ಹಾಕುತ್ತೇವೆ. ಅದು ಗ್ಲೂಕೋಸ್ ಸಿರಪ್. ಸೋಸಿ, ಇದ್ದಿಲಲ್ಲಿ ಹಾಯಿಸಿ, ಅಯಾನ್ ಎಕ್ಸ್‌ಚೇಂಜ್‌ನಲ್ಲಿ ಶುದ್ಧ ಮಾಡುತ್ತೇವೆ. ಇಲ್ಲಿ ಕ್ಯಾಲ್ಸಿಯಂ ತೆಗೆಯಲೇಬೇಕು. ಯಾಕೆ ಅಂದರೆ ಐಸೊಮರೇಸ್‌ಗೆ ಮೆಗ್ನೀಸಿಯಂ ಬೇಕು, ಕ್ಯಾಲ್ಸಿಯಂ ಆ ಜಾಗದಲ್ಲಿ ಕೂತರೆ ಕೆಲಸ ನಿಲ್ಲುತ್ತದೆ. ಕೊನೆಗೆ ಪಿಎಚ್ ಏಳೂವರೆಗೆ ಏರಿಸಿ, ಸ್ವಲ್ಪ ಮೆಗ್ನೀಸಿಯಂ ಸೇರಿಸಿ, 55ರಿಂದ 60 ಡಿಗ್ರಿಯಲ್ಲಿ ಕಾಲಂ ಒಳಗೆ ಬಿಡುತ್ತೇವೆ. ಎಂಜೈಮ್ ಸಣ್ಣ ಹರಳಿನ ಹಾಗೆ ಗಟ್ಟಿ ಮಾಡಿ ತುಂಬಿರುತ್ತಾರೆ. ಸಿರಪ್ ಹರಿಯುತ್ತದೆ, ಎಂಜೈಮ್ ಅಲ್ಲೇ ಕೂತಿರುತ್ತದೆ.

ಈಗ ಮುಖ್ಯ ಮಾತು. ಆ ಸಿರಪ್ ಎಷ್ಟು ದಪ್ಪ ಗೊತ್ತಾ? ನೂರು ಗ್ರಾಂನಲ್ಲಿ ನಲವತ್ತೈದು ಗ್ರಾಂ ಸಕ್ಕರೆ. ಲೀಟರಿಗೆ ಸುಮಾರು 540 ಗ್ರಾಂ. ಅದನ್ನು ಗ್ಲೂಕೋಸ್‌ನ ಅಣುತೂಕ 180ರಿಂದ ಭಾಗಿಸಿ ನೋಡಿ. ಮೂರು ಮೋಲಾರ್. ನಿಮ್ಮ ಅಸ್ಸೇಗಿಂತ ನೂರೈವತ್ತು ಪಟ್ಟು.

ಕಡೆಗೋಲು | ಮಂಗಳವಾರ, ಬೆಳಿಗ್ಗೆ 8:30

ಈಗ ಲೆಕ್ಕ ಮಾಡೋಣ. ಕಾಗದ ತೆಗೆದುಕೋ.

ಎಂಜೈಮ್‌ನ ವೇಗಕ್ಕೆ ಎರಡು ಸಂಖ್ಯೆ ಇವೆ. ಒಂದು ಕೆ-ಕ್ಯಾಟ್. ಹೊಟ್ಟೆ ತುಂಬಾ ಗ್ಲೂಕೋಸ್ ಸಿಕ್ಕಾಗ ಒಂದು ಎಂಜೈಮ್ ಸೆಕೆಂಡಿಗೆ ಎಷ್ಟನ್ನು ಬದಲಿಸುತ್ತದೆ ಅನ್ನುವುದು. ಇನ್ನೊಂದು ಕೆ-ಎಂ. ಅರ್ಧ ವೇಗಕ್ಕೆ ಎಷ್ಟು ಗ್ಲೂಕೋಸ್ ಬೇಕು ಅನ್ನುವುದು. ಕೆ-ಎಂ ಕಡಿಮೆ ಅಂದರೆ ಎಂಜೈಮ್ ಸುಲಭವಾಗಿ ಗ್ಲೂಕೋಸ್ ಹಿಡಿಯುತ್ತದೆ ಅಂತ ಸದ್ಯಕ್ಕೆ ಇಟ್ಟುಕೊಳ್ಳೋಣ.

ದರ್ಶಿನಿ ಹೋಟೆಲ್ ನೆನಪಿಸಿಕೋ. ಗಿರಾಕಿ ಕಮ್ಮಿ ಇರುವ ಮಧ್ಯಾಹ್ನ ಬಾಗಿಲಲ್ಲಿ ನಿಂತು ‘ಬನ್ನಿ ಸಾರ್’ ಅಂತ ಕರೆಯುವವನಿಂದ ವ್ಯಾಪಾರ ಏರುತ್ತದೆ. ಭಾನುವಾರ ಬೆಳಿಗ್ಗೆ ಸಾಲು ಬೀದಿಯವರೆಗೆ ನಿಂತಾಗ? ಕರೆಯುವವನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆಗ ದೋಸೆ ಹುಯ್ಯುವವನ ಕೈ ಎಷ್ಟು ಬೇಗ ಓಡುತ್ತದೆ ಅನ್ನುವುದೇ ಲೆಕ್ಕ. ಕೆ-ಎಂ ಕರೆಯುವವನು. ಕೆ-ಕ್ಯಾಟ್ ದೋಸೆ ಹುಯ್ಯುವವನು.

ನಿನ್ನ ಮೂಲ ಎಂಜೈಮ್‌ನ ಕೆ-ಎಂ 0.2 ಮೋಲಾರ್ ಅಂತ ಊಹಿಸು. ಈ ಕುಟುಂಬದ ಎಂಜೈಮ್‌ಗಳಿಗೆ ಗ್ಲೂಕೋಸ್ ಮೇಲೆ ಅಂಥ ದೊಡ್ಡ ಕೆ-ಎಂ ಇರುವುದು ಸಾಮಾನ್ಯ. ನಿನ್ನ ಮ್ಯುಟೇಶನ್ ಅದನ್ನು ಅರ್ಧ ಮಾಡಿದೆ, 0.1 ಆಗಿದೆ, ಕೆ-ಕ್ಯಾಟ್ ಹಾಗೇ ಇದೆ ಅಂತ ಇಟ್ಟುಕೋ. 20 ಮಿಲಿಮೋಲಾರ್‌ನಲ್ಲಿ ಮೂಲ ಎಂಜೈಮ್ ತನ್ನ ಪೂರ್ತಿ ವೇಗದ ಶೇ 9ರಷ್ಟು ಓಡುತ್ತದೆ. ಹೊಸದು ಶೇ 16.7. ಭಾಗಿಸು. 1.8 ಪಟ್ಟು!

ಅದೇ ಎರಡನ್ನೂ ಮೂರು ಮೋಲಾರ್ ಸಿರಪ್‌ಗೆ ಹಾಕು. ಮೂಲದ್ದು ಶೇ 94, ಹೊಸದು ಶೇ 97. ವ್ಯತ್ಯಾಸ ಮೂರೇ ಮೂರು. ಕಾಲಂನಲ್ಲಿ ಅದು ಅಳತೆಯ ಏರುಪೇರಿನಲ್ಲೇ ಮುಚ್ಚಿ ಹೋಗುತ್ತದೆ.

ನಿನ್ನ ಅಳತೆಯೂ ಸರಿ, ಅವರ ಅಳತೆಯೂ ಸರಿ. ಇದು ನನ್ನ ಊಹೆ ಮಾತ್ರ. ಗ್ಲೂಕೋಸ್ ಪ್ರಮಾಣ ಏರಿಸುತ್ತಾ ಹೋಗಿ ಪೂರ್ತಿ ಗ್ರಾಫ್ ಹಾಕು, ಎರಡೂ ಎಂಜೈಮ್‌ಗೆ. ಆಗ ಗೊತ್ತಾಗುತ್ತದೆ.

ನೀಲಿ_ಪಿಪೆಟ್ | ಮಂಗಳವಾರ, ಬೆಳಿಗ್ಗೆ 8:52

ಸರ್, ಮೈ ಜುಂ ಅಂತು. 1.8 ಸಂಖ್ಯೆ ನೀವು ಎಲ್ಲಿಂದ ತಂದಿರಿ ಅಂತ ಎರಡು ಸಲ ಓದಿದೆ. ಇವತ್ತೇ ಶುರು ಮಾಡುತ್ತೇನೆ.

ಗೋವಿನಜೋಳ | ಮಂಗಳವಾರ, ಮಧ್ಯಾಹ್ನ 1:10

ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಇದಕ್ಕೆ ಗೋವಿನ ಜೋಳ ಅಂತಾರೆ. ದಾವಣಗೆರೆ, ಹಾವೇರಿ ಎರಡೂ ಕಡೆ ರೈತರ ಜೋಳ ಪಿಷ್ಟದ ಫ್ಯಾಕ್ಟರಿಗೆ ಹೋಗುತ್ತದೆ. ಒಳಗೆ ಏನಾಗುತ್ತದೆ ಅಂತ ಇವತ್ತೇ ಗೊತ್ತಾಗಿದ್ದು, ಥ್ಯಾಂಕ್ಸ್.

ಎರಡು ಪ್ರಶ್ನೆ ಇವೆ. ಒಂದು, ಈ ಮ್ಯುಟೇಶನ್ ಮಾಡಿ ಮಾಡಿ ಪೂರ್ತಿ ಗ್ಲೂಕೋಸನ್ನೂ ಫ್ರಕ್ಟೋಸ್ ಮಾಡುವ ಎಂಜೈಮ್ ತರಲು ಆಗಲ್ವಾ? ಎರಡು, ಜೀನ್ ಬದಲಿಸಿದ ಎಂಜೈಮ್ ನಮ್ಮ ಹೊಟ್ಟೆಗೆ ಹೋಗುತ್ತದಾ?

ಕಡೆಗೋಲು | ಮಂಗಳವಾರ, ಮಧ್ಯಾಹ್ನ 2:45

ಮೊದಲನೆಯದು ಬಹಳ ಒಳ್ಳೆಯ ಪ್ರಶ್ನೆ. ಎಂ.ಎಸ್ಸಿ. ಹುಡುಗರೂ ಇಲ್ಲಿ ಎಡವುತ್ತಾರೆ.

ಆಗುವುದಿಲ್ಲ. ಯಾವ ಮ್ಯುಟೇಶನ್‌ನಿಂದಲೂ ಆಗುವುದಿಲ್ಲ. ಘಾಟಿ ರಸ್ತೆಗೆ ಸುರಂಗ ಕೊರೆದರೆ ಬಯಲುಸೀಮೆಯಿಂದ ಕರಾವಳಿಗೂ ಬೇಗ ಹೋಗಬಹುದು, ಅಲ್ಲಿಂದ ಇಲ್ಲಿಗೂ ಬೇಗ ಬರಬಹುದು. ಆದರೆ ಎರಡು ಊರುಗಳ ಎತ್ತರ ಬದಲಾಗುವುದಿಲ್ಲ. ಎಂಜೈಮ್ ಕೊರೆಯುವುದು ಸುರಂಗ. ಗ್ಲೂಕೋಸ್ ಫ್ರಕ್ಟೋಸ್ ಆಗುತ್ತದೆ, ಫ್ರಕ್ಟೋಸ್ ವಾಪಸ್ ಗ್ಲೂಕೋಸ್ ಕೂಡ ಆಗುತ್ತದೆ. 60 ಡಿಗ್ರಿಯಲ್ಲಿ ಎರಡೂ ಅರ್ಧಕ್ಕರ್ಧ ಬಂದ ಮೇಲೆ ಮುಂದೆ ಹೋಗುವುದಿಲ್ಲ. ಮ್ಯುಟೇಶನ್‌ನಿಂದ ಮುಂದಿನ ದಾರಿ ಸುಲಭ ಮಾಡಿದರೆ ಹಿಂದಿನ ದಾರಿಯೂ ಅಷ್ಟೇ ಪಟ್ಟು ಸುಲಭ ಆಗಿಯೇ ಆಗುತ್ತದೆ. ಇದನ್ನು ಹಾಲ್ಡೇನ್ ಸಂಬಂಧ ಅನ್ನುತ್ತೇವೆ. ತಪ್ಪಿಸಿಕೊಳ್ಳಲು ಆಗದ ಲೆಕ್ಕ ಇದು.

ಸಿರಪ್_ಕಾಲಂ | ಮಂಗಳವಾರ, ಸಂಜೆ 5:30

ಅದಕ್ಕೇ ಕಾಲಂನಿಂದ ಹೊರಗೆ ಬರುವುದು ಶೇ 42 ಫ್ರಕ್ಟೋಸ್. ಸಮತೋಲನದ ಹತ್ತಿರ ಹೋದಷ್ಟೂ ವೇಗ ಸಾಯುತ್ತದೆ. ಕೊನೆಯ ಕೆಲವು ಶೇಕಡಾಕ್ಕೆ ತುಂಬಾ ಹೊತ್ತು ಬೇಕು. ಅಷ್ಟು ಕಾಯುವುದು ಲಾಭ ಅಲ್ಲ.

ಆದರೆ ತಂಪು ಪಾನೀಯದವರಿಗೆ ಶೇ 55 ಬೇಕು. 1984ರಲ್ಲಿ ಅಮೆರಿಕದ ದೊಡ್ಡ ಕೋಲಾ ಕಂಪನಿಗಳು ಪೂರ್ತಿ ಇದಕ್ಕೆ ಬದಲಾದವು. ಹೇಗೆ ಮಾಡುತ್ತಾರೆ? ಸ್ವಲ್ಪ ಸಿರಪನ್ನು ಕ್ರೊಮ್ಯಾಟೋಗ್ರಫಿಯಲ್ಲಿ ಬೇರ್ಪಡಿಸಿ ಶೇ 90 ಫ್ರಕ್ಟೋಸ್ ಮಾಡಿ, ಅದನ್ನು 42ರ ಜೊತೆ ಬೆರೆಸುತ್ತಾರೆ. ಆ ಯಂತ್ರವೂ ದುಬಾರಿ, ಅದರಿಂದ ಬರುವ ತೆಳು ನೀರನ್ನು ಆವಿ ಮಾಡುವ ಖರ್ಚೂ ದುಬಾರಿ. ಬಿಸಿ ಏರಿದರೆ ಸಮತೋಲನ ಫ್ರಕ್ಟೋಸ್ ಕಡೆ ವಾಲುತ್ತದೆ. 95 ಡಿಗ್ರಿ ಆಸುಪಾಸಿನಲ್ಲಿ ಕೆಲಸ ಮಾಡುವ ಎಂಜೈಮ್ ಇದ್ದರೆ ನೇರವಾಗಿ 55 ತೆಗೆಯಬಹುದು. ಎಷ್ಟೋ ಜನ ಬಿಸಿ ತಾಳುವ ಐಸೊಮರೇಸ್ ಹಿಂದೆ ಬಿದ್ದಿರುವುದು ಅದಕ್ಕೇ. ಆದರೆ ಆ ಬಿಸಿಯಲ್ಲಿ ಪಿಎಚ್ ಏಳೂವರೆ ಇದ್ದರೆ ಸಿರಪ್ಪೇ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಬಿಸಿಯನ್ನೂ ತಾಳಬೇಕು, ಕಡಿಮೆ ಪಿಎಚ್‌ನಲ್ಲೂ ಓಡಬೇಕು. ಎರಡೂ ಒಂದೇ ಎಂಜೈಮ್‌ನಲ್ಲಿ ತರುವುದು ಕಷ್ಟ.

ಎರಡನೇ ಪ್ರಶ್ನೆಗೆ: ಎಂಜೈಮ್ ಕಾಲಂನಲ್ಲೇ ಉಳಿಯುತ್ತದೆ. ಆಮೇಲೂ ಸಿರಪನ್ನು ಇದ್ದಿಲು, ಅಯಾನ್ ಎಕ್ಸ್‌ಚೇಂಜ್‌ನಲ್ಲಿ ಶುದ್ಧ ಮಾಡುತ್ತಾರೆ. ಈ ಸಿರಪ್ ಬಗ್ಗೆ ಚಿಂತೆ ಮಾಡುವುದಾದರೆ ಎಷ್ಟು ಸಕ್ಕರೆ ಕುಡಿಯುತ್ತೇವೆ ಅನ್ನುವುದರ ಬಗ್ಗೆ ಮಾಡಬೇಕು. ಕಬ್ಬಿನ ಸಕ್ಕರೆಯಲ್ಲೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸೇ ಇರುವುದು.

ಬಿಟ್_ಬಾಳೆ | ಮಂಗಳವಾರ, ರಾತ್ರಿ 9:20

ಇಷ್ಟೆಲ್ಲ ಕಷ್ಟ ಯಾಕೆ? 2024ರ ಕೆಮಿಸ್ಟ್ರಿ ನೊಬೆಲ್ ಬಂದಿದ್ದೇ ಪ್ರೋಟೀನ್ ವಿನ್ಯಾಸಕ್ಕೆ ಮತ್ತು ರಚನೆ ಊಹಿಸುವ ಎಐಗೆ. ಬೇಕರ್, ಹಸಾಬಿಸ್, ಜಂಪರ್. ಮಾಡೆಲ್‌ಗೆ ಸೀಕ್ವೆನ್ಸ್ ಕೊಟ್ಟು ಒಳ್ಳೆಯ ಮ್ಯುಟೇಶನ್ ಪಟ್ಟಿ ತೆಗೆದುಕೊಳ್ಳಿ. ಎರಡು ವರ್ಷ ಪ್ಲೇಟ್ (ಸಣ್ಣ ಗುಳಿಗಳ ಪರೀಕ್ಷಾ ತಟ್ಟೆ) ಓದುವ ಕಾಲ ಮುಗಿಯಿತು ಅನ್ನುವುದು ನನ್ನ ಅಭಿಪ್ರಾಯ.

ಕಡೆಗೋಲು | ಮಂಗಳವಾರ, ರಾತ್ರಿ 9:48

ಎಐ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಇಲ್ಲಿ ಸಮಸ್ಯೆ ಅದಲ್ಲ. ಈ ಹುಡುಗಿ ಮಾಡೆಲ್‌ನಿಂದಲೇ ಪಟ್ಟಿ ತೆಗೆದಿದ್ದರೂ ಅವನ್ನು ಅಳೆಯುವುದು ಎಲ್ಲಿ? ಅದೇ 20 ಮಿಲಿಮೋಲಾರ್‌ನಲ್ಲಿ. ಆ ಅಳತೆಯನ್ನೇ ಮತ್ತೆ ಮಾಡೆಲ್‌ಗೆ ಕಲಿಸಿದರೆ ಅದೂ ಕೆ-ಎಂ ಇಳಿಸುವುದನ್ನೇ ಇನ್ನೂ ಬೇಗ ಕಲಿಯುತ್ತದೆ.

ಹಾಗಂತ ರಚನೆ ನೋಡಿ ಯೋಚಿಸುವುದು ಸುಮ್ನೆ ಅಲ್ಲ. ಇದೇ ಎಂಜೈಮ್‌ನಲ್ಲಿ ಒಂದು ಚಂದದ ಉದಾಹರಣೆ ಇದೆ. ಗ್ಲೂಕೋಸ್ ಐಸೊಮರೇಸ್ ನಿಜವಾಗಿ ಗ್ಲೂಕೋಸ್‌ಗೆ ಹುಟ್ಟಿದ ಎಂಜೈಮ್ ಅಲ್ಲ. ಬ್ಯಾಕ್ಟೀರಿಯಾದಲ್ಲಿ ಇದರ ಕೆಲಸ ಝೈಲೋಸ್ ಎಂಬ ಐದು ಕಾರ್ಬನ್ ಸಕ್ಕರೆಯ ಮೇಲೆ. ಗ್ಲೂಕೋಸ್‌ಗೆ ಆರು ಕಾರ್ಬನ್. ಒಂದು ತುದಿ ಉದ್ದ. ಐದು ಜನರ ಮಂಚದಲ್ಲಿ ಆರನೆಯವನು ಕಾಲು ಮಡಚಿ ಮಲಗಿದ ಹಾಗೆ ಅದು ಹೇಗೋ ಹೊಂದಿಕೊಳ್ಳುತ್ತದೆ. 1957ರಲ್ಲಿ ಈ ಗುಣ ಬೆಳಕಿಗೆ ಬಂತು. ಇಡೀ ಉದ್ಯಮ ನಿಂತಿರುವುದು ಎಂಜೈಮ್‌ನ ಈ ಅರೆಮನಸ್ಸಿನ ಕೆಲಸದ ಮೇಲೆ.

ಅಮೆರಿಕದ ಮಿಶಿಗನ್‌ನ ಸಂಶೋಧಕರು ಬಿಸಿನೀರಿನ ಒಂದು ಬ್ಯಾಕ್ಟೀರಿಯಾದ ಐಸೊಮರೇಸ್ ತೆಗೆದುಕೊಂಡರು. ಅದರ ರಚನೆ ಅವರ ಹತ್ತಿರ ಇರಲಿಲ್ಲ. ಆರ್ಥ್ರೊಬ್ಯಾಕ್ಟರ್ ಎಂಬ ಬೇರೆ ಬ್ಯಾಕ್ಟೀರಿಯಾದ ಎಂಜೈಮ್‌ನ ರಚನೆ ಇತ್ತು. ಅದರ ಮೇಲೆ ಹೊಂದಿಸಿ ನೋಡಿದಾಗ ಗ್ಲೂಕೋಸ್‌ನ ಆರನೇ ಕಾರ್ಬನ್ ಎದುರಿಗೆ 139ನೇ ಜಾಗದ ಟ್ರಿಪ್ಟೊಫಾನ್ ನಿಂತಿತ್ತು. ಟ್ರಿಪ್ಟೊಫಾನ್ ಅಂದರೆ ಎಲ್ಲ ಅಮೈನೋ ಆಮ್ಲಗಳಲ್ಲೂ ದೊಡ್ಡದು. ಅದನ್ನು ತೆಗೆದು ಸ್ವಲ್ಪ ಚಿಕ್ಕದಾದ ಫಿನೈಲ್‌ಅಲನಿನ್ ಇಟ್ಟರು. ಗ್ಲೂಕೋಸ್ ಮೇಲೆ ಕೆ-ಎಂ ಇಳಿಯಿತು, ಕೆ-ಕ್ಯಾಟ್ ಏರಿತು. ಎರಡೂ ಒಟ್ಟಿಗೆ! ಝೈಲೋಸ್ ಮೇಲೆ ಉಲ್ಟಾ ಆಯಿತು. 186ನೇ ಜಾಗದ ವ್ಯಾಲಿನ್ ಬದಲು ಥ್ರಿಯೊನಿನ್ ಕೂಡ ಸೇರಿಸಿದಾಗ ಗ್ಲೂಕೋಸ್ ಮೇಲಿನ ದಕ್ಷತೆ ಮೂಲಕ್ಕಿಂತ ಐದು ಪಟ್ಟಾಯಿತು. ಝೈಲೋಸ್‌ಗಿಂತ ಗ್ಲೂಕೋಸನ್ನೇ ಜಾಸ್ತಿ ಇಷ್ಟಪಡುವ ಎಂಜೈಮ್ ಆಯಿತು. ಇದು 1991ರ ಕೆಲಸ. ನಾನು ಪ್ರತಿ ವರ್ಷ ಪಾಠದಲ್ಲಿ ಇದನ್ನು ಹೇಳುತ್ತೇನೆ, ಪ್ರತಿ ವರ್ಷವೂ ನನಗೆ ಹೊಸದೇ ಅನ್ನಿಸುತ್ತದೆ.

ಆದರೆ ಗಮನಿಸಿ. ಐದು ಪಟ್ಟು ಅಂದಿದ್ದು ಕೆ-ಕ್ಯಾಟ್ ಭಾಗಿಸು ಕೆ-ಎಂ. ಮೂರು ಮೋಲಾರ್ ಸಿರಪ್‌ನಲ್ಲಿ ಐದು ಪಟ್ಟು ಅಂತ ಅಲ್ಲ.

ಬಿಟ್_ಬಾಳೆ | ಮಂಗಳವಾರ, ರಾತ್ರಿ 10:05

ಒಪ್ಪಿದೆ ಸರ್. ‘ಯಾವ ಅಳತೆಯಿಂದ ಕಲಿಯುತ್ತದೆ’ ಅನ್ನುವ ಮಾತು ನಾನು ಯೋಚಿಸಿರಲಿಲ್ಲ. ನನ್ನ ಡೇಟಾದಲ್ಲೂ ಬೇರೆ ಬೇರೆ ಪೇಪರ್‌ನ ಸಂಖ್ಯೆಗಳನ್ನು ಒಂದೇ ಪಟ್ಟಿಯಲ್ಲಿ ತುಂಬಿದ್ದೇನೆ. ನಾಳೆ ಹೋಗಿ ಯಾವುದು ಯಾವ ಪ್ರಮಾಣದಲ್ಲಿ ಅಳೆದದ್ದು ಅಂತ ಬೇರ್ಪಡಿಸುತ್ತೇನೆ.

ನ್ಯೂಜೆರ್ಸಿ_ನೀರುದೋಸೆ | ಬುಧವಾರ, ಬೆಳಿಗ್ಗೆ 7:40

ಇಲ್ಲಿ ಔಷಧ ಉದ್ಯಮದಲ್ಲಿದ್ದೇನೆ. ಈ ಚರ್ಚೆ ಓದಿ ಬರೆಯದೆ ಇರಲು ಆಗಲಿಲ್ಲ.

ನೀವು ಯಾವುದನ್ನು ಅಳೆಯುತ್ತೀರೋ ಅದೇ ಸಿಗುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಇದನ್ನು ಚೆನ್ನಾಗಿ ಪಾಲಿಸಿದ ಕೆಲಸ ಅಂದರೆ ಸಿಟಾಗ್ಲಿಪ್ಟಿನ್. ನಮ್ಮೂರಲ್ಲೂ ಎಷ್ಟೋ ಸಕ್ಕರೆ ಕಾಯಿಲೆಯವರು ನುಂಗುವ ಮಾತ್ರೆ. ಮೊದಲು ಅದನ್ನು ರೋಡಿಯಂ ಎಂಬ ದುಬಾರಿ ಲೋಹ ಬಳಸಿ, ಜಾಸ್ತಿ ಒತ್ತಡದ ಹೈಡ್ರೋಜನ್‌ನಲ್ಲಿ ಮಾಡುತ್ತಿದ್ದರು. ಮರ್ಕ್ ಮತ್ತು ಕೋಡೆಕ್ಸಿಸ್ ಸೇರಿ ಅದರ ಬದಲು ಟ್ರಾನ್ಸಮಿನೇಸ್ ಎಂಜೈಮ್ ತಂದವು. 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಶುರುವಿನಲ್ಲಿ ಆ ಎಂಜೈಮ್‌ಗೆ ಈ ಅಣುವಿನ ಮೇಲೆ ಸ್ವಲ್ಪವೂ ಕೆಲಸ ಇರಲಿಲ್ಲ. ಅಣು ದೊಡ್ಡದು, ಒಳಗೆ ಹೋಗುತ್ತಲೇ ಇರಲಿಲ್ಲ. ಅದಕ್ಕೆ ಮೊದಲು ಅಣುವನ್ನೇ ಚಿಕ್ಕದಾಗಿ ಕತ್ತರಿಸಿದ ರೂಪ ಕೊಟ್ಟು ಕಲಿಸಿದರು. ಆಮೇಲೆ ಜಾಗ ದೊಡ್ಡದು ಮಾಡಿ ಪೂರ್ತಿ ಅಣು ತಂದರು. ಮುಂದಿನ ಪ್ರತಿ ಸುತ್ತಿನಲ್ಲೂ ಸ್ಕ್ರೀನಿಂಗನ್ನು ಇನ್ನೂ ಕಠಿಣ ಮಾಡುತ್ತಾ ಹೋದರು. ಕಚ್ಚಾ ಅಣು ಜಾಸ್ತಿ, ದ್ರಾವಕ ಜಾಸ್ತಿ, ಬಿಸಿ ಜಾಸ್ತಿ. ಫ್ಯಾಕ್ಟರಿಯನ್ನು ಸ್ವಲ್ಪ ಸ್ವಲ್ಪವೇ ಪ್ಲೇಟ್ ಒಳಗೆ ತಂದರು. ಕೊನೆಗೆ 27 ಮ್ಯುಟೇಶನ್‌ಗಳ ಎಂಜೈಮ್. ಅರ್ಧದಷ್ಟು ಡಿಎಂಎಸ್‌ಓ ಎಂಬ ದ್ರಾವಕ ಇರುವ ದ್ರಾವಣದಲ್ಲಿ ಲೀಟರಿಗೆ 200 ಗ್ರಾಂ ಕಚ್ಚಾ ಅಣುವನ್ನು ಔಷಧವಾಗಿ ಬದಲಿಸುತ್ತದೆ.

ತಂಗಿ, ನಿನ್ನ 20 ಮಿಲಿಮೋಲಾರ್ ತಪ್ಪಲ್ಲ. ಅದು ಮೊದಲ ಮೆಟ್ಟಿಲು. ಅಲ್ಲೇ ಎರಡು ವರ್ಷ ನಿಂತದ್ದು ಕಷ್ಟ ಆಯಿತು ಅಷ್ಟೇ.

ತುಂಗಾತೀರ | ಬುಧವಾರ, ಬೆಳಿಗ್ಗೆ 11:25

ಒಂದು ಮಾತು ಸೇರಿಸುತ್ತೇನೆ. ಎಲ್ಲರೂ ಆಕ್ಟಿವ್ ಸೈಟ್ ಸುತ್ತವೇ ಕೆದಕುತ್ತಾರೆ. ನಾನು ಝೈಲನೇಸ್ ಮೇಲೆ ಕೆಲಸ ಮಾಡಿದವಳು. ಕಾಗದದ ತಿರುಳನ್ನು ಬಿಳಿ ಮಾಡುವಾಗ ಕ್ಲೋರಿನ್ ಕಡಿಮೆ ಮಾಡಲು ಬಳಸುವ ಎಂಜೈಮ್ ಅದು. ಭದ್ರಾವತಿಯ ಕಾಗದದ ಕಾರ್ಖಾನೆ ನೋಡಿಕೊಂಡೇ ಬೆಳೆದವಳು ನಾನು. ಹಾಗಾಗಿ ಆ ವಿಷಯ ಹತ್ತಿರದ್ದು.

ನಮ್ಮ ಬೆಂಗಳೂರಿನ ಐಐಎಸ್‌ಸಿ ಸಂಶೋಧಕರೂ ಸೇರಿ ಬ್ಯಾಸಿಲಸ್ ಎನ್‌ಜಿ-27 ಝೈಲನೇಸ್‌ನಲ್ಲಿ ಒಂದೇ ಒಂದು ಬದಲಾವಣೆ ಮಾಡಿದ್ದರು. ಅದೂ ಮೊಟ್ಟ ಮೊದಲ ಅಮೈನೋ ಆಮ್ಲದಲ್ಲಿ. ವ್ಯಾಲಿನ್ ಬದಲು ಲ್ಯೂಸಿನ್. ಎಂಜೈಮ್ ತಾಳುವ ಬಿಸಿ 70ರಿಂದ 75 ಡಿಗ್ರಿಗೆ ಏರಿತು, ಕೆಲಸ ಕಡಿಮೆ ಆಗಲಿಲ್ಲ. ಅದೇ ಜಾಗದಲ್ಲಿ ಅಲನಿನ್ ಇಟ್ಟರೆ 68ಕ್ಕೆ ಇಳಿಯಿತು. ಆಕ್ಟಿವ್ ಸೈಟ್‌ಗೆ ಸಂಬಂಧವೇ ಇಲ್ಲದ ತುದಿ ಅದು! ಆ ತುದಿ ಪ್ರೋಟೀನ್‌ನ ಇನ್ನೊಂದು ತುದಿಯ ಜೊತೆ ಅಂಟಿಕೊಂಡಿರುತ್ತದೆ. ಲ್ಯೂಸಿನ್ ಆ ಅಂಟನ್ನು ಬಿಗಿ ಮಾಡಿತು. ಬಟ್ಟೆಯ ಅಂಚು ಹೊಲಿದ ಹಾಗೆ, ನೂಲು ಬಿಚ್ಚುವುದಿಲ್ಲ.

ಐದು ಡಿಗ್ರಿ ಅಂದರೆ ಸಣ್ಣದು ಅನ್ನಿಸಬಹುದು. ಆದರೆ ಬಿಸಿ ಏರಿದರೆ ಎಂಜೈಮ್ ವೇಗ ತಾನಾಗಿಯೇ ಏರುತ್ತದೆ. ಬಿಸಿ ತಾಳುವುದು ಕೂಡ ಒಂದು ರೀತಿ ವೇಗವೇ.

ಸಿರಪ್_ಕಾಲಂ | ಬುಧವಾರ, ಸಂಜೆ 6:15

ತುಂಗಾತೀರ ಮೇಡಂ ಹೇಳಿದ್ದು ನಮ್ಮ ಕಾಲಂಗೆ ನೂರಕ್ಕೆ ನೂರು ಅನ್ವಯ. ನಾವು ಎಂಜೈಮ್ ಕೊಳ್ಳುವಾಗ ಕೇಳುತ್ತಿದ್ದದ್ದು ಒಂದೇ: ಒಂದು ಕಿಲೋ ಎಂಜೈಮ್ ಸಾಯುವವರೆಗೆ ಎಷ್ಟು ಟನ್ ಸಿರಪ್ ಕೊಡುತ್ತದೆ? ಮೊದಲ ದಿನದ ವೇಗ ಯಾರೂ ಕೇಳುತ್ತಿರಲಿಲ್ಲ.

ಕಾಲಂ ತಿಂಗಳುಗಟ್ಟಲೆ ಓಡುತ್ತದೆ. ದಿನ ಕಳೆದಂತೆ ಎಂಜೈಮ್ ಸಾಯುತ್ತಾ ಬರುತ್ತದೆ. ಆಗ ಸಿರಪ್ ಹರಿವು ನಿಧಾನ ಮಾಡುತ್ತೇವೆ, 42 ಕೈಬಿಡಬಾರದಲ್ಲ. ಅದಕ್ಕೆ ಒಂದೊಂದು ಕಾಲಂ ಒಂದೊಂದು ವಯಸ್ಸಿನದ್ದು ಇರುವ ಹಾಗೆ ನೋಡಿಕೊಳ್ಳುತ್ತೇವೆ, ಒಟ್ಟು ಹರಿವು ಸಮ ಇರಲಿ ಅಂತ. ರಾತ್ರಿ ಪಾಳಿಯಲ್ಲಿ ಹಳೇ ಕಾಲಂನ ಹರಿವು ಇಳಿಸುವಾಗ ಮನೆಯ ಮುದಿ ಎತ್ತಿನ ನೊಗ ಇಳಿಸಿದ ಹಾಗೆ ಅನ್ನಿಸುತ್ತಿತ್ತು ನನಗೆ.

ಎಂಜೈಮ್ ಯಾಕೆ ಸಾಯುತ್ತದೆ? ಬಿಸಿ ಒಂದು ಕಾರಣ. ಇನ್ನೊಂದು ಕಾರಣ ಸಕ್ಕರೆಯೇ. ಸಕ್ಕರೆ ಕಾಯಿಲೆಗೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುತ್ತೇವಲ್ಲ? ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡಿದ್ದನ್ನು ಅಳೆಯುವುದು ಅದು. ಇಲ್ಲಿಯೂ ಅದೇ ಕಥೆ. ಮೂರು ಮೋಲಾರ್ ಗ್ಲೂಕೋಸ್‌ನಲ್ಲಿ ತಿಂಗಳುಗಟ್ಟಲೆ ಬೇಯುವ ಎಂಜೈಮ್‌ನ ಲೈಸಿನ್‌ಗಳಿಗೆ ಸಕ್ಕರೆ ಅಂಟುತ್ತದೆ. ಈ ಎಂಜೈಮ್ ನಾಲ್ಕು ತುಂಡು ಸೇರಿ ಆದದ್ದು. ತುಂಡುಗಳು ಸೇರುವ ಜಾಗದಲ್ಲೇ ಇರುವ ಲೈಸಿನ್‌ಗೆ ಸಕ್ಕರೆ ಅಂಟಿದರೆ ತುಂಡುಗಳೇ ಬಿಡಿಸಿಕೊಳ್ಳುತ್ತವೆ.

1991ರ ಸುಮಾರಿಗೆ ನೆದರ್ಲೆಂಡ್ಸ್, ಬೆಲ್ಜಿಯಂನ ಸಂಶೋಧಕರು ಆಕ್ಟಿನೋಪ್ಲೇನ್ಸ್ ಮಿಸ್ಸೌರಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಐಸೊಮರೇಸ್‌ನಲ್ಲಿ 253ನೇ ಲೈಸಿನ್ ತೆಗೆದು ಅರ್ಜಿನಿನ್ ಇಟ್ಟರು. ಅರ್ಜಿನಿನ್‌ಗೂ ಲೈಸಿನ್ ಹಾಗೇ ಧನ ವಿದ್ಯುದಂಶ ಇದೆ, ಪಕ್ಕದ ತುಂಡನ್ನು ಹಿಡಿದುಕೊಳ್ಳುತ್ತದೆ. ಆದರೆ ಸಕ್ಕರೆ ಅದಕ್ಕೆ ಅಷ್ಟು ಸುಲಭವಾಗಿ ಅಂಟುವುದಿಲ್ಲ. ಎಂಜೈಮ್ ಹೆಚ್ಚು ದಿನ ಬಾಳಿತು. ಸಕ್ಕರೆ ಇಲ್ಲದ ಬಫರ್‌ನಲ್ಲಿ ಮಾತ್ರ ಕೂತು ಕೆಲಸ ಮಾಡಿದ್ದರೆ ಅವರಿಗೆ ಸಕ್ಕರೆ ಮಾಡುವ ಹಾನಿ ಕಾಣುತ್ತಲೇ ಇರಲಿಲ್ಲ. ನಿಜವಾದ ಸಿರಪ್ ಕಡೆ ನೋಡಿದ್ದರಿಂದ ಕಂಡಿತು.

ಇನ್ನೊಂದು ವಿಷಯ, ಎಂಜೈಮ್ ಗಟ್ಟಿ ಹರಳಾಗಿ ಇರುತ್ತದೆ ಅಂದೆನಲ್ಲ. ದಪ್ಪ ಸಿರಪ್ ಅದರ ಒಳಗೆ ನುಗ್ಗಲು ಹೊತ್ತು ಬೇಕು. ಎಂಜೈಮ್ ವಿಪರೀತ ವೇಗ ಇದ್ದರೆ ಹರಳಿನ ಹೊರಭಾಗ ಮಾತ್ರ ಕೆಲಸ ಮಾಡುತ್ತದೆ, ಮಧ್ಯದ್ದು ಖಾಲಿ ಕೂರುತ್ತದೆ. ನಿಮ್ಮ ವೇರಿಯಂಟ್ ಪರೀಕ್ಷಿಸುವಾಗ ಹರಳಿನ ಗಾತ್ರ ಎಷ್ಟು ಅಂತಲೂ ಕೇಳಿ.

ಕಡೆಗೋಲು | ಬುಧವಾರ, ರಾತ್ರಿ 8:50

ಇದಕ್ಕೆ ಇನ್ನೊಂದು ಜೋಡಿ ಉದಾಹರಣೆ ಬಟ್ಟೆ ಒಗೆಯುವ ಪುಡಿಯಲ್ಲಿದೆ. ಸಬ್ಟಿಲಿಸಿನ್ ಎಂಬ ಪ್ರೋಟೀನ್ ಕರಗಿಸುವ ಎಂಜೈಮ್‌ನಲ್ಲಿ 222ನೇ ಜಾಗದಲ್ಲಿ ಮೆಥಿಯೊನಿನ್ ಇದೆ. ಬ್ಲೀಚ್ ತಗುಲಿದರೆ ಅದು ಕೆಡುತ್ತದೆ, ಎಂಜೈಮ್ ಸಾಯುತ್ತದೆ. 1985ರಲ್ಲಿ ಎಸ್ಟೆಲ್, ಗ್ರೇಕಾರ್, ವೆಲ್ಸ್ ಮೂವರು ಅಲ್ಲಿ ಉಳಿದ ಹತ್ತೊಂಬತ್ತೂ ಅಮೈನೋ ಆಮ್ಲಗಳನ್ನು ಇಟ್ಟು ನೋಡಿದರು. ಸಿಸ್ಟೀನ್ ಇಟ್ಟದ್ದು ಮೂಲಕ್ಕಿಂತ ವೇಗ, ಆದರೆ ಬ್ಲೀಚ್ ಆಗಿ ಬಳಸುವ ಪೆರಾಕ್ಸೈಡ್‌ಗೆ ಕೆಟ್ಟಿತು. ಅಲನಿನ್ ಇಟ್ಟದ್ದಕ್ಕೆ ಮೂಲದ ಅರ್ಧದಷ್ಟೇ ವೇಗ, ಆದರೆ ಪೆರಾಕ್ಸೈಡ್‌ನಲ್ಲಿ ಗಟ್ಟಿಯಾಗಿ ನಿಂತಿತು. ಬ್ಲೀಚ್ ಇರುವ ಬಕೆಟ್‌ನಲ್ಲಿ ಅರ್ಧ ಗಂಟೆ ನೆನೆದ ಮೇಲೆ ಎರಡರಲ್ಲಿ ಯಾವುದು ವೇಗ? ಇದನ್ನು ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಕೇಳುತ್ತೇನೆ.

ನೀಲಿ_ಪಿಪೆಟ್ | ಎರಡನೇ ಭಾನುವಾರ, ರಾತ್ರಿ 9:30

ತಡವಾಗಿದ್ದಕ್ಕೆ ಕ್ಷಮಿಸಿ. ಹನ್ನೆರಡು ದಿನ ಲ್ಯಾಬಿನಲ್ಲೇ ಇದ್ದೆ.

ಮೊದಲನೆಯದು: ಮೇಷ್ಟ್ರ ಊಹೆ ನಿಜ. ನನ್ನ ವೇರಿಯಂಟ್‌ನ ಕೆ-ಎಂ ಮೂಲದ ಅರ್ಧದ ಹತ್ತಿರ. ಕೆ-ಕ್ಯಾಟ್ ಬಹುತೇಕ ಅಷ್ಟೇ. ಗ್ಲೂಕೋಸ್ ಏರಿಸುತ್ತಾ ಹೋದಂತೆ ಎರಡು ಗೆರೆಗಳೂ ಹತ್ತಿರ ಬಂದು ಕೊನೆಗೆ ಒಂದರ ಮೇಲೊಂದು ಕೂತವು. ಕಂಪನಿಯವರು ಸರಿಯಾಗೇ ಅಳೆದಿದ್ದರು.

ಎರಡನೆಯದಕ್ಕೇ ಇವತ್ತು ಬರೆಯಲು ಕೂತೆ. ಲೆಕ್ಕ ಮಾಡುವಾಗ ಒಂದು ಯೋಚನೆ ಬಂತು. 20 ಮಿಲಿಮೋಲಾರ್‌ನಲ್ಲಿ ಗೆದ್ದದ್ದು ಸಿರಪ್‌ನಲ್ಲಿ ಸಮ ಆಗುತ್ತದೆ ಅಂದರೆ, 20ರಲ್ಲಿ ಸೋತು ಸಿರಪ್‌ನಲ್ಲಿ ಗೆಲ್ಲುವುದೂ ಇರಬೇಕಲ್ವಾ? ಕೆ-ಕ್ಯಾಟ್ ಒಂದೂವರೆ ಪಟ್ಟು ಆಗಿ, ಕೆ-ಎಂ ಕೂಡ ಎರಡು ಪಟ್ಟು ಆಗಿದ್ದರೆ 20ರಲ್ಲಿ ಅದು ಮೂಲದ ಶೇ 79 ಮಾತ್ರ. ನಾನು ಅದನ್ನು ಬಿಸಾಕುತ್ತೇನೆ. ಮೂರು ಮೋಲಾರ್‌ನಲ್ಲಿ ಅದೇ 1.4 ಪಟ್ಟು.

ಮೈನಸ್ 80 ಫ್ರೀಜರ್‌ನಲ್ಲಿ ಹಳೇ ಪ್ಲೇಟ್‌ಗಳೆಲ್ಲ ಇದ್ದವು. ಪುಣ್ಯಕ್ಕೆ ಬಿಸಾಕಿರಲಿಲ್ಲ. ಮೂಲಕ್ಕಿಂತ ಸ್ವಲ್ಪ ಕಡಿಮೆ ಓದಿದ ಗುಂಪನ್ನು ಹೊರಗೆ ತೆಗೆದೆ. ಬಣ್ಣದ ವಿಧಾನ ದಪ್ಪ ಸಿರಪ್‌ಗೆ ಆಗುವುದಿಲ್ಲ. ಅದಕ್ಕೆ ಪಕ್ಕದ ವಿಭಾಗದ ಪೋಲಾರಿಮೀಟರ್ ಕೇಳಿ ತಂದೆ. ಗ್ಲೂಕೋಸ್ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಫ್ರಕ್ಟೋಸ್ ಎಡಕ್ಕೆ. ಸಿರಪ್ ದಪ್ಪ ಇದ್ದಷ್ಟೂ ಓದು ಚೆನ್ನಾಗಿ ಸಿಗುತ್ತದೆ.

ಬಹಳಷ್ಟು ನಿಜಕ್ಕೂ ಕೆಟ್ಟವೇ. ಆದರೆ ಎರಡು ಎದ್ದು ನಿಂತವು. ಅದರಲ್ಲಿ ಒಂದು 60 ಡಿಗ್ರಿ ಸಿರಪ್‌ನಲ್ಲಿ ಮೂಲಕ್ಕಿಂತ ಸ್ಪಷ್ಟವಾಗಿ ವೇಗ. ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲೂ ನೋಡಿದೆ. ಒಂದೂವರೆ ವರ್ಷದ ಹಿಂದೆ ನನ್ನ ನೋಟ್‌ಬುಕ್‌ನಲ್ಲಿ ಅದರ ಮುಂದೆ ‘ಬೇಡ’ ಅಂತ ಬರೆದಿದ್ದೆ.

ಗೋವಿನಜೋಳ | ಎರಡನೇ ಭಾನುವಾರ, ರಾತ್ರಿ 9:41

ಓದಿ ಕಣ್ಣು ತುಂಬಿತು ತಂಗಿ.

ಕಡೆಗೋಲು | ಎರಡನೇ ಭಾನುವಾರ, ರಾತ್ರಿ 9:55

ಶಾಬಾಸ್. ಇದು ನಾನು ಹೇಳಿಕೊಟ್ಟದ್ದಲ್ಲ, ನೀನೇ ಕಂಡುಕೊಂಡದ್ದು. ಇನ್ನೊಂದು ಮಾತು. ಆ ಎಂಜೈಮ್ ಗ್ಲೂಕೋಸನ್ನು ಸಡಿಲವಾಗಿ ಹಿಡಿಯುತ್ತದೆ ಅಂದರೆ, ಫ್ರಕ್ಟೋಸನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂತ ನೋಡು. ಕಾಲಂನ ಕೆಳಗಿನ ಅರ್ಧದಲ್ಲಿ ಫ್ರಕ್ಟೋಸೂ ಸಾಕಷ್ಟು ಇರುತ್ತದೆ. ಅದು ಬಾಗಿಲಲ್ಲೇ ಕೂತರೆ ಗ್ಲೂಕೋಸ್‌ಗೆ ಜಾಗ ಇರುವುದಿಲ್ಲ. ಬರೀ ಗ್ಲೂಕೋಸ್‌ನಿಂದ ಶುರು ಮಾಡಬೇಡ, ಶೇ 30 ಫ್ರಕ್ಟೋಸ್ ಇರುವ ಸಿರಪ್‌ನಲ್ಲೂ ಅಳೆ.

ಸಿರಪ್_ಕಾಲಂ | ಸೋಮವಾರ, ಬೆಳಿಗ್ಗೆ 6:10

ತುಂಬಾ ಸಂತೋಷ ಆಯಿತಮ್ಮ. ಈಗ ಅದನ್ನು ಕಂಪನಿಗೆ ಕಳಿಸುವ ಮೊದಲು 60 ಡಿಗ್ರಿ ಸಿರಪ್‌ನಲ್ಲಿ ಮೂರು ವಾರ ಇಡಿ. ದಿನಾ ಸ್ವಲ್ಪ ತೆಗೆದು ಓದಿ. ಪಿಎಚ್ ದಿನಾ ನೋಡಿ, ಸಕ್ಕರೆ ಕೆಟ್ಟರೆ ಅದು ತಾನಾಗಿಯೇ ಇಳಿಯುತ್ತದೆ. ಸಿರಪ್ ನೀವೇ ಪುಡಿಯಿಂದ ಮಾಡಿದ್ದಾ, ಫ್ಯಾಕ್ಟರಿಯದ್ದಾ? ಫ್ಯಾಕ್ಟರಿಯದ್ದಾದರೆ ಮೊದಲು ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ.

ನೀಲಿ_ಪಿಪೆಟ್ | ಸೋಮವಾರ, ಬೆಳಿಗ್ಗೆ 7:02

ಪುಡಿಯಿಂದ ಮಾಡಿದ್ದು ಸರ್. ಗೋವಿನಜೋಳ ಅಣ್ಣ, ನಿಮ್ಮ ಕಡೆ ಫ್ಯಾಕ್ಟರಿಯಲ್ಲಿ ಯಾರಾದರೂ ಪರಿಚಯ ಇದ್ದರೆ ಐದು ಲೀಟರ್ ಗ್ಲೂಕೋಸ್ ಸಿರಪ್ ಸಿಗುತ್ತದಾ? ಕ್ಯಾನ್ ತೆಗೆದುಕೊಂಡು ನಾನೇ ಬರುತ್ತೇನೆ.

ಗೋವಿನಜೋಳ | ಸೋಮವಾರ, ಬೆಳಿಗ್ಗೆ 7:20

ನಮ್ಮ ದೊಡ್ಡಪ್ಪನ ಮಗ ಅಲ್ಲೇ ಲ್ಯಾಬಿನಲ್ಲಿದ್ದಾನೆ. ಇವತ್ತೇ ಕೇಳಿ ಹೇಳುತ್ತೇನೆ. ಬಂದರೆ ಊಟ ನಮ್ಮ ಮನೆಯಲ್ಲಿ.